ಕರೆದರೆ ಬರುವ ಮೀನು

ನಾನು ರಾಯಚೂರು ಕಡೆಯವಳು. ಮದುವೆಯಾಗಿ ಕೃಷ್ಣಾ ನದಿ ದಾಟಿ ಮಕ್ತಲ್ ಹತ್ತಿರದ ಹಳ್ಳಿಯ ಕನ್ನಡ ಮನೆಗೆ ಬಂದಾಗ ಆಂಧ್ರದ ಸೊಸೆಯಾಗಿದ್ದೆ. ಕೆಲವು ವರ್ಷಗಳಾದ ಮೇಲೆ, ಒಲೆಯ ಮುಂದಿನಿಂದ ಏಳದೆಯೇ ತೆಲಂಗಾಣದ ಸೊಸೆಯಾದೆ. ಹೊಸ ರಾಜ್ಯ ಬಂದ ಖುಷಿಗೆ ಊರಿನವರು ಗುಲಾಲು ಎರಚಿಕೊಂಡು ಕುಣಿದರು. ನಮ್ಮ ಮನೆಗೆ ಅದರ ಬೆನ್ನಿಗೇ ಮೀನು ಬಂದವು.

ಮೀನು ತಂದದ್ದು ಮಾವನ ಕಾಟ ತಾಳಲಾರದೆ. ಹುಟ್ಟಿದಾಗಿನಿಂದ ಕುರಿ ಕಾಯ್ದ ಮನುಷ್ಯ ಅವರು. ಮೊಣಕಾಲು ಕೈಕೊಟ್ಟ ಮೇಲೆ ಕುರಿಗಳನ್ನೆಲ್ಲ ತಮ್ಮನ ಮಕ್ಕಳಿಗೆ ಒಪ್ಪಿಸಿ ಮನೆಯ ಕಟ್ಟೆ ಹಿಡಿದರು. ಅಂದಿನಿಂದ ನನ್ನ ಚಹಾ ನೀರಾಯಿತು, ರೊಟ್ಟಿ ದಪ್ಪವಾಯಿತು, ಕಸಬರಿಗೆ ಇಟ್ಟ ದಿಕ್ಕು ತಪ್ಪಾಯಿತು. ನನಗೂ ಬಾಯಿ ಕಮ್ಮಿ ಇರಲಿಲ್ಲ. ಕೊನೆಗೆ ನನ್ನ ಗಂಡ ಮನೆಯ ಹಿಂದಿನ ಹೊಲದ ಹೊಂಡಕ್ಕೆ ಮೀನುಮರಿ ತಂದು ಬಿಟ್ಟ. ಮರುದಿನವೇ ನನ್ನ ಚಹಾ ರುಚಿಯಾಯಿತು.

ಮಾವ ಮೀನುಗಳನ್ನು ಕುರಿಗಳ ಹಾಗೆಯೇ ಸಾಕಿದರು. ಅವರಿಗೆ ಬೇರೆ ರೀತಿ ಗೊತ್ತೂ ಇರಲಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಟ್ರ್ರ್ ಟ್ರ್ರ್ ಎಂದು ಕರೆದು ತೌಡು, ಶೇಂಗಾ ಹಿಂಡಿ ಹಾಕುವರು. ಚಳಿಗಾಲ ಬಂತು. "ಥಂಡಿಯಾಗ ಜೀವಕ್ಕ ಹೊಟ್ಟಿ ತುಂಬಿರಬೇಕು" ಎಂದು ಮೇವು ಹೆಚ್ಚಿಸಿದರು. ಕುರಿ ಹಿಕ್ಕೆ ಬಿಸಿ ಎಂದು ತಮ್ಮನ ಮಕ್ಕಳ ಹಟ್ಟಿಯಿಂದ ಚೀಲಗಟ್ಟಲೆ ತರಿಸಿ ನೀರಿಗೆ ಸುರಿದರು. ಗಾಳಿ ತಗಲಬಾರದೆಂದು ಅರ್ಧ ಹೊಂಡದ ಮೇಲೆ ಬೊಂಬು ಹಾಸಿ ಜೋಳದ ಒಣ ದಂಟಿನ ಕಣಿಕೆ ಹೊದಿಸಿದರು. ಕಂಬಳಿ ದೊಡ್ಡದಿದ್ದರೆ ಅದನ್ನೂ ಹೊದಿಸುತ್ತಿದ್ದರೋ ಏನೋ.

ಆಗ ಒಂದು ಸೋಜಿಗ ನಡೆಯಿತು. ಬೆಳಗಿನ ಮಂಜಿನಲ್ಲಿ ಮಾವ ಟ್ರ್ರ್ ಎಂದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ನಿಲ್ಲತೊಡಗಿದವು. ಮಾವನ ಕಾಲು ನೆಲಕ್ಕೆ ತಾಗಲಿಲ್ಲ. ಓಣಿಯವರನ್ನೆಲ್ಲ ಕರೆದು ತೋರಿಸಿದರು. ಸಾಲದೆಂದು ನನ್ನ ಅಪ್ಪನಿಗೆ ಫೋನು ಹಚ್ಚಿಸಿದರು. "ಬೀಗರ, ನಿಮ್ಮ ಕಡಿ ಇಂಥದ್ದು ನೋಡೀರೇನು? ಹೆಸರು ಹಿಡಿದು ಕರಿಯೋದೊಂದು ಬಾಕಿ ಐತಿ. ಬಂದು ನೋಡಿ ಹೋಗ್ರಿ." ಸಂಕ್ರಾಂತಿ ಮುಗಿಸಿ ಬರುತ್ತೇನೆಂದು ಅಪ್ಪ ಒಪ್ಪಿಕೊಂಡ.

ಒಂದು ದಿನ ಮಾವನಿಗೆ ನೆಗಡಿ ಜೋರಾಗಿ ಏಳಲಾಗಲಿಲ್ಲ. "ಯವ್ವಾ, ನೀನ ಹೋಗಿ ಹೊಟ್ಟಿಗಿ ಹಾಕಿ ಬಾ" ಎಂದು ನನ್ನನ್ನು ಕಳಿಸಿದರು. ಟ್ರ್ರ್ ಎನ್ನಲು ನಾಚಿಕೆಯಾಗಿ ನಾನು ಸುಮ್ಮನೆ ಹೋದೆ. ಮೀನುಗಳು ಅಷ್ಟೊತ್ತಿಗಾಗಲೇ ಮೇಲೆ ನಿಂತಿದ್ದವು. ನನ್ನನ್ನು ನೋಡಿ ಬಂದದ್ದಲ್ಲ, ಯಾರನ್ನೂ ನೋಡಿ ಬಂದದ್ದಲ್ಲ. ಹಾಕಿದ ತೌಡನ್ನು ಮುಟ್ಟಲಿಲ್ಲ. ನೀರು ಗಬ್ಬೆಂದು ನಾರುತ್ತಿತ್ತು. ಒಂದೆರಡು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಮರಿ ಕೊಟ್ಟ ಮಕ್ತಲಿನವನಿಗೆ ಫೋನು ಮಾಡಿದೆ. ಹಿಕ್ಕೆ, ಕಣಿಕೆ ಎಂದು ನಾನು ಹೇಳುತ್ತ ಹೋದಂತೆ ಅವನು "ಮೇತ ಬಂದ್ ಪೆಟ್ಟಂಡಿ" ಎಂದು ತೆಲುಗಿನಲ್ಲಿ ಅದೊಂದನ್ನೇ ಹೇಳಿದ. ಮೊದಲು ಮೇವು ನಿಲ್ಲಿಸಿ ಎಂದು. ಚಳಿಯಲ್ಲಿ ಮೀನು ತಿನ್ನುವುದೇ ಕಡಿಮೆಯಂತೆ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ನೀರಿನ ಉಸಿರನ್ನೇ ತಿನ್ನುತ್ತದಂತೆ. ಮೇಲೆ ಬಿಸಿಲು ಬೀಳದಿದ್ದರಂತೂ ಬೆಳಗಿನ ಹೊತ್ತಿಗೆ ಮೀನಿಗೆ ಏನೂ ಉಳಿಯುವುದಿಲ್ಲ. ಬಾಯಿ ತೆರೆದು ಮೇಲೆ ಬರುವುದು ಗಾಳಿಗೆ ಎಂದ. ಹೀಗೇ ಬಿಟ್ಟರೆ ಒಂದೂ ಉಳಿಯದು ಎಂದೂ ಹೇಳಿದ.

ಮೀನು ಸತ್ತರೆ ಮಾವ ಮತ್ತೆ ಕಟ್ಟೆ ಹಿಡಿಯುವರು, ಈ ಸಲ ಜಗಳಕ್ಕೂ ಬಾಯಿ ತೆರೆಯಲಿಕ್ಕಿಲ್ಲ ಎಂದು ನನಗೆ ಹೆದರಿಕೆಯಾಯಿತು. ಉಪ್ಪು ಜಾಸ್ತಿಯಾಯಿತೆಂದರೆ ಎರಡು ಮಾತು ತಿರುಗಿಸಿ ಕೊಡುವ ನಾನು ಅಂದು ಅವರ ಹಾಸಿಗೆಯ ಪಕ್ಕ ಕೂತೆ. ಮೆಲ್ಲಗೆ ಹೇಳಿದೆ. "ಮಾವಾರ, ಅವು ನಿಮ್ಮನ್ನ ನೋಡಾಕ ಬರವಲ್ಲವ್ರಿ. ಉಸುರು ಸಿಗದ ಬರಾಕತ್ತಾವ."

"ನಾ ಕರದ್ರ ಬರ್ತಾವವ."

"ಇವತ್ತ ಯಾರೂ ಕರದಿಲ್ರಿ."

ಮಾವ ನೆಗಡಿ ಮರೆತು ಕೋಲೂರಿಕೊಂಡು ಹೊಂಡಕ್ಕೆ ನಡೆದರು. ಮೀನು ಹಾಗೆಯೇ ನಿಂತಿದ್ದವು. ತೇಲುತ್ತಿದ್ದ ತೌಡನ್ನು ಕೋಲಿನಿಂದ ಸರಿಸಿ, "ಕುರಿ ಆಗಿದ್ರ ನನಗ ತಿಳಿತಿತ್ತು" ಎಂದರು. ಅವರ ಮುಖ ನೋಡಲಾರದೆ ನಾನು ಕಣಿಕೆ ಎಳೆಯತೊಡಗಿದೆ. ಹಿಂದೆಯೇ ಅವರೂ ಎಳೆದರು. ನನ್ನ ಗಂಡ ಬೋರಿನ ಪೈಪನ್ನು ಬೊಂಬಿಗೆ ಎತ್ತಿ ಕಟ್ಟಿ, ನೀರು ಎತ್ತರದಿಂದ ಬೀಳುವಂತೆ ಮಾಡಿದ. ಮಾವ ಹಗ್ಗ ಕಟ್ಟಿದ ಬುಟ್ಟಿಯಿಂದ ಕೊಳೆತ ಹಿಕ್ಕೆ ಎತ್ತಿದರೆ, ನಾನು ತಗಡಿನ ಡಬ್ಬಿಯಿಂದ ನೀರನ್ನು ಮೇಲಕ್ಕೆತ್ತಿ ಸುರಿದೆ. ಮೂವರೂ ನೆನೆದು, ನಡುಗಿ, ನಾರಿದೆವು. "ಇನ್ನ ಮ್ಯಾಲೂ ನನ್ನ ರೊಟ್ಟಿ ದಪ್ಪ ಅಂತೀರೇನ್ರಿ?" ಎಂದು ಕೇಳಿದೆ. ಮಾವ ಸೀನಿ ನಕ್ಕರು.

ಬಿಸಿಲು ಚೆನ್ನಾಗಿ ಬಿತ್ತು. ವಾರ ಕಳೆಯುವಷ್ಟರಲ್ಲಿ ನಾತ ಹೋಯಿತು. ಹಿಂಡಿಯ ಡಬ್ಬಿಯನ್ನು ಮಾವ ತಾವಾಗಿಯೇ ಅಟ್ಟಕ್ಕೆ ಏರಿಸಿದರು. ಬೆಳಿಗ್ಗೆ ಹೋಗಿ ನಿಂತರೆ ನೀರಿನ ಮೇಲೆ ಒಂದು ಬಾಯಿಯೂ ಕಾಣುತ್ತಿರಲಿಲ್ಲ. ಒಮ್ಮೆ ಮಾತ್ರ ಯಾರೂ ಇಲ್ಲವೆಂದು ತಿಳಿದು ಮೆಲ್ಲಗೆ ಟ್ರ್ರ್ ಎಂದರು. ನಾನು ಬೇಲಿಯ ಈಚೆ ಬಟ್ಟೆ ಒಣಹಾಕುತ್ತಿದ್ದೆ. ಒಂದು ಮೀನೂ ಬರಲಿಲ್ಲ.

ಸಂಕ್ರಾಂತಿ ಮುಗಿಸಿ ಅಪ್ಪ ಬಂದ. ಚಹಾ ಕುಡಿಯುವ ಮೊದಲೇ ಹೊಂಡ ನೋಡಬೇಕೆಂದ. ಈ ಮುದುಕನ ಮರ್ಯಾದೆ ಹೋಗುತ್ತದಲ್ಲ ಎಂದು ಸಂಕಟಪಡುತ್ತ ಹಿಂದೆ ಹಿಂದೆಯೇ ಹೋದೆ.

"ಕರೀರಿ ಬೀಗರ, ನೋಡೂಣು" ಎಂದ ಅಪ್ಪ.

ಮಾವ ಖಾಲಿ ನೀರನ್ನು ನೋಡುತ್ತ ಹೇಳಿದರು: "ಕರಿಯಾಕ ಹೋಗಬ್ಯಾಡ್ರಿ. ಒಳಗ ಆರಾಮ ಅದಾವ."