ಮನೆ ಖಾಲಿ ಮಾಡುತ್ತಿದ್ದ ನಮ್ಮ ಭಾವ

ನಮ್ಮ ಭಾವನ ಅಂಗಿಯ ಎಡಜೇಬು ಯಾವಾಗಲೂ ಜೋತುಬಿದ್ದಿರುತ್ತಿತ್ತು. ಅದರ ತುಂಬ ಮೊಳೆ. ಜನ ಬಿಟ್ಟುಹೋದ ಮನೆಗಳ ಗೋಡೆಯಿಂದ ಕಿತ್ತು, ಚಪ್ಪಡಿಯ ಮೇಲಿಟ್ಟು ಸುತ್ತಿಗೆಯಿಂದ ನೆಟ್ಟಗೆ ಮಾಡಿದ ಹಳೆಯ ಮೊಳೆಗಳು. ಅವುಗಳ ತುಕ್ಕು ಬಿಳಿ ಅಂಗಿಯ ಎದೆಯ ಮೇಲೆ ಇಳಿದು, ಎಂಥ ಸೋಪು ಹಾಕಿ ಉಜ್ಜಿದರೂ ಹೋಗದ ಕಂದು ಕಲೆಯಾಗಿರುತ್ತಿತ್ತು. ಭಾರಕ್ಕೆ ಜೇಬಿನ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. ಹೊಲಿದುಕೊಡುವ ಶಿಕ್ಷೆ ನನ್ನದು. "ಭಾವ, ಈ ಜೇಬಿಗೆ ಇನ್ನು ತಗಡು ಹಾಕಿ ಹೊಲೀತೀನಿ" ಎಂದು ನಾನು ರೇಗಿದರೆ, "ಹಾಕಮ್ಮ, ನಮ್ ಶೆಡ್ನಲ್ಲಿ ತಗಡು ಬೇಕಾದಷ್ಟಿದೆ" ಎಂದು ನಗುತ್ತಿದ್ದರು.

ಅವರು ನನ್ನ ಅಕ್ಕನ ಗಂಡ. ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಅವರೂ ಒಂದು ಕಾಲಕ್ಕೆ ಸೀರೆ ನೇಯುತ್ತಿದ್ದವರೇ. ವ್ಯಾಪಾರ ಬಿದ್ದುಹೋದಾಗ ತಮ್ಮ ಕರೆಂಟ್ ಮಗ್ಗಗಳನ್ನು ಮಾರಿ ಒಂದು ಲಗೇಜ್ ಆಟೋ ಕೊಂಡರು. ಮೊದಮೊದಲು ಮುಚ್ಚಿದ ಮಗ್ಗದ ಶೆಡ್ಡುಗಳನ್ನು ಖಾಲಿ ಮಾಡಿಕೊಡುತ್ತಿದ್ದರು, ಆಮೇಲೆ ಮನೆಗಳನ್ನು. ಹಿರಿಯರು ತೀರಿಹೋದ ಮನೆ, ಪಾಲಾದ ಮನೆ, ಕೆಡವಿ ಕಟ್ಟುವ ಮನೆ, ಜಮೀನು ಹೋದ ಮೇಲೆ ಬಿಟ್ಟು ಹೊರಡುವ ಮನೆ. ನಮ್ಮ ಸುತ್ತಮುತ್ತ ಈಗ ಅಂಥ ಮನೆಗಳಿಗೇನು ಕಡಿಮೆಯಿಲ್ಲ. ಯಾರಾದರೂ ಫೋನು ಮಾಡಿದರೆ ಭಾವ ಹೊರಡುತ್ತಿದ್ದರು. ಬೇರೆ ಗುಜರಿಯವರು ಬಾಗಿಲಲ್ಲೇ ತಕ್ಕಡಿ ನೇತುಹಾಕುತ್ತಾರೆ. ಇವರು ಮೊದಲು ಒಳಗೆ ಹೋಗಿ ಕೂತು, ಆ ಮನೆಯ ಬಿಂದಿಗೆಯಿಂದಲೇ ಒಂದು ಲೋಟ ನೀರು ಕೇಳಿ ಕುಡಿಯುತ್ತಿದ್ದರು. ಇಲ್ಲಿ ಯಾರು ಮಲಗುತ್ತಿದ್ದರು, ಈ ಕುರ್ಚಿಯಲ್ಲಿ ಯಾರು ಕೂರುತ್ತಿದ್ದರು ಎಂದೆಲ್ಲ ವಿಚಾರಿಸುತ್ತಿದ್ದರು. ಅಡುಗೆಮನೆಗೆ ಕೈ ಹಾಕುತ್ತಿದ್ದುದು ಎಲ್ಲಕ್ಕಿಂತ ಕೊನೆಗೆ. ಸಾವಿನ ಮನೆಯಾದರೆ ತಿಥಿ ಮುಗಿಯದೆ ಹೊಸಿಲು ತುಳಿಯುತ್ತಿರಲಿಲ್ಲ.

ತಂದದ್ದನ್ನು ತಮ್ಮ ಶೆಡ್ಡಿನಲ್ಲಿ ಹರಡಿಕೊಂಡು ಕೂತರೆ ಊಟದ ಪರಿವೆಯೂ ಇರುತ್ತಿರಲಿಲ್ಲ. ಹಾಸಿಗೆಗಳನ್ನು ಬಿಚ್ಚಿ ಹತ್ತಿಯನ್ನು ಬಿಸಿಲಿಗೆ ಹಾಕಿ, ಹಿಂಜಿಸಿ, ಮತ್ತೆ ದಿಂಬು ಮಾಡಿಸುತ್ತಿದ್ದರು. ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದರು. ಬಾಗಿಲು ಕಿಟಕಿಗಳು ದನದ ಕೊಟ್ಟಿಗೆ ಕಟ್ಟುವವರಿಗೆ. ಹಳೆಯ ಸೀರೆಗಳೆಲ್ಲ ನನ್ನ ಪಾಲಿಗೆ. ನಾನು ಅವುಗಳಿಂದ ಚೀಲ, ತೊಟ್ಟಿಲ ಬಟ್ಟೆ, ಹೊದಿಕೆ ಹೊಲಿದು ಮಾರುತ್ತಿದ್ದೆ. ಏನು ಮಾಡಿದರೂ ಯಾರಿಗೂ ಉಪಯೋಗವಾಗದ್ದು ಮಾತ್ರ ಗುಜರಿಗೆ. "ಗುಜರಿಗೆ ಹಾಕೋದು ಅಂದ್ರೆ ಸುಡುಗಾಡಿಗೆ ಹೊತ್ಕೊಂಡೋದಂಗೆ. ಇನ್ನೂ ಉಸ್ರಾಡ್ತಾ ಇರೋದನ್ನ ಯಾರಾದ್ರೂ ಹೊರ್ತಾರೇನಮ್ಮಾ?" ಎನ್ನುತ್ತಿದ್ದರು. ನನ್ನ ಹೊಲಿಗೆ ಯಂತ್ರವೂ ಹಾಗೆ ಬಂದದ್ದೇ. ಗಂಡನನ್ನು ಕಳೆದುಕೊಂಡು ನಾನು ತವರಿಗೆ ಬಂದು ಮೂಲೆ ಹಿಡಿದಿದ್ದಾಗ ಭಾವ ಅದನ್ನು ತಂದು ಎದುರಿಗಿಟ್ಟು, "ನಂದಗುಡಿ ಕಡೆಯೋರದು. ಆಯಮ್ಮ ಇದ್ರಲ್ಲೇ ಮಕ್ಕಳನ್ನ ದಡ ಮುಟ್ಟಿಸಿದ್ಲಂತೆ. ತುಳಿ, ನಿನ್ ಮಾತೂ ಕೇಳುತ್ತೆ" ಎಂದರು. ಇವತ್ತು ನಾನು ತಿನ್ನುವ ಅನ್ನ ಅದರದ್ದು.

ಪ್ರತಿಯೊಂದು ಸಾಮಾನೂ ಯಾರ ಮನೆಯದೆಂದು ಕೊಳ್ಳುವವರಿಗೆ ಹೇಳದೆ ಇರುವುದು ಅವರಿಂದ ಆಗುತ್ತಲೇ ಇರಲಿಲ್ಲ. ಇದರಿಂದ ನನಗೆ ಎಷ್ಟು ಸಲ ಹೊಟ್ಟೆ ಉರಿದಿದೆಯೋ! ಒಮ್ಮೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬೀಟೆ ಮರದ ಮಂಚವನ್ನು ನೋಡಿ ಖುಷಿಯಾಗಿ, ಇನ್ನೇನು ಆಟೋಗೆ ಏರಿಸಬೇಕು, ಅಷ್ಟರಲ್ಲಿ ಭಾವ, "ಇದ್ರ ಮೇಲೆ ಮಲಗಿದ್ದೋರು ಬಲು ಒಳ್ಳೆ ಅಜ್ಜ. ಹೋಗೋವಾಗ್ಲೂ ಒಂದಿಷ್ಟು ನರಳ್ಲಿಲ್ಲ, ಇದ್ರ ಮೇಲೇ ಕಣ್ ಮುಚ್ಚಿದ್ರು" ಎಂದುಬಿಟ್ಟರು. ಹುಡುಗಿಯ ಮುಖ ಬಿಳಿಚಿಕೊಂಡಿತು. ಇಬ್ಬರೂ ತಿರುಗಿ ನೋಡದೆ ನಡೆದರು. ನಾನು ಬಾಯಿಗೆ ಬಂದಂತೆ ಅಂದೆ. ಭಾವ ಮಂಚದ ಧೂಳು ಒರೆಸುತ್ತ, "ಗೊತ್ತಿಲ್ದೆ ತಗೊಂಡೋಗಿ ಆಮೇಲೆ ಯಾರೋ ಹೇಳಿದ್ರೆ ಅವತ್ತೇ ಬೀದೀಗೆ ಬಿಸಾಕ್ತಾರೆ. ಗೊತ್ತಿದ್ದೂ ತಗೊಳೋರು ಬರ್ತಾರೆ ಬಿಡು, ಅವ್ರು ಚೆನ್ನಾಗಿ ಮಡಿಕ್ಕೋತಾರೆ" ಎಂದರು. ಬಂದರು ಕೂಡ. ಆ ಮಂಚ ಈಗ ಘಾಟಿ ರಸ್ತೆಯ ಒಂದು ಮನೆಯಲ್ಲಿ ಮೊಮ್ಮಕ್ಕಳ ಭಾರ ಹೊತ್ತುಕೊಂಡು ಗಟ್ಟಿಯಾಗಿದೆ.

ಅವರ ಕೆಲಸದ ರೀತಿಯಲ್ಲಿ ನನಗೆ ಮರೆಯಲಾಗದ್ದು ಮೂಲೆ ಉಳಿಸುವ ಪದ್ಧತಿ. ದೇವನಹಳ್ಳಿ ಕಡೆಯ ಒಂದು ಊರಿನಲ್ಲಿ ಮನೆ ಬಿಡುವ ದಿನ ಒಬ್ಬ ಮುದುಕಿ ಜಪ್ಪಯ್ಯ ಅಂದರೂ ತನ್ನ ಚಾಪೆಯಿಂದ ಏಳಲಿಲ್ಲವಂತೆ. ಮಗಳು ಅತ್ತು ಕರೆದು ಸೋತಳು. ಭಾವ ಆಕೆಯ ಸುತ್ತ ಏನೇನು ಎಲ್ಲೆಲ್ಲಿದೆ ಎಂದು ನೋಡಿಕೊಂಡರು. ಎಲೆಅಡಿಕೆ ಡಬ್ಬಿ, ಗೂಡಿನಲ್ಲಿದ್ದ ಸೀಮೆಎಣ್ಣೆ ಬುಡ್ಡಿ, ಮಡಕೆ, ಗೋಡೆಗೆ ಒರಗಿಸಿದ್ದ ಕೋಲು. ಮಗಳ ಮನೆಗೆ ಮೊದಲು ಅವನ್ನೇ ಸಾಗಿಸಿ, ಅದೇ ಅಂತರದಲ್ಲಿ, ಅದೇ ದಿಕ್ಕಿಗೆ ಜೋಡಿಸಿ, ಆಮೇಲೆ ಮುದುಕಿಯನ್ನು ಆಟೋದಲ್ಲಿ ಕರೆದೊಯ್ದು ಕೂರಿಸಿದರು. ಆಕೆ ಕೈ ಚಾಚಿದಳು, ಡಬ್ಬಿ ಸಿಕ್ಕಿತು, ಎಲೆಗೆ ಸುಣ್ಣ ಹಚ್ಚಿದಳು. ವಯಸ್ಸಾದವರು ಇರುವ ಯಾವ ಮನೆಯನ್ನು ಖಾಲಿ ಮಾಡಿದರೂ ಭಾವ ಆಮೇಲೆ ಹೀಗೆಯೇ ಮಾಡುತ್ತಿದ್ದರು.

ಅದು ನಮ್ಮ ಮನೆಗೇ ಬೇಕಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಅಕ್ಕನಿಗೆ ಮರೆವು ಹತ್ತಿತು. ಮೊದಲು ಉಪ್ಪು ಮರೆತಳು, ಆಮೇಲೆ ಬೀಗ, ಆಮೇಲೆ ನನ್ನ ಗಂಡ ಹೋದದ್ದನ್ನು. "ನಿಮ್ಮೆಜಮಾನ್ರು ಯಾಕೆ ಬರ್ಲಿಲ್ಲ?" ಎಂದು ಕೇಳಿದಳು. ಆದರೆ ತನ್ನ ಮನೆಯೊಳಗೆ ಅವಳು ಕಣ್ಣು ಮುಚ್ಚಿ ಓಡಾಡುತ್ತಿದ್ದಳು. ಕೈಗೆ ಎಲ್ಲ ಗೊತ್ತಿತ್ತು. ಅಷ್ಟರಲ್ಲಿ ಮಗ್ಗದ ಬೀದಿಯ ಆ ಬಾಡಿಗೆ ಮನೆಯ ಮಾಲೀಕರು ಕೆಡವಿ ಕಟ್ಟುತ್ತೇವೆ, ಬಿಟ್ಟುಕೊಡಿ ಎಂದರು. ತಾಲ್ಲೂಕಿನ ಮನೆಗಳನ್ನೆಲ್ಲ ಖಾಲಿ ಮಾಡಿದ ಭಾವ ಅವತ್ತು ಜಗುಲಿಯ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

ಊರಾಚೆ ಹೊಸ ಬಡಾವಣೆಯಲ್ಲಿ ಒಂದು ಮಹಡಿ ಮನೆ ಸಿಕ್ಕಿತು. ಅಕ್ಕನನ್ನು ನನ್ನ ಬಳಿ ಬಿಟ್ಟು ಭಾವ ಹಳೆಯ ಮನೆಯನ್ನೇ ಅಲ್ಲಿಗೆ ಎತ್ತಿಕೊಂಡು ಹೋದರು ಅನ್ನಬೇಕು. ಕೆಡವುವವರನ್ನು ಕೇಳಿಕೊಂಡು ಅಡುಗೆಮನೆಯ ಬಾಗಿಲನ್ನೂ ಕಿಟಕಿಯನ್ನೂ ಬಿಚ್ಚಿ ತಂದು ಕೂರಿಸಿದರು. ಬೀರು, ಹಂಡೆ, ದೇವರ ಗೂಡು, ಟವೆಲಿನ ಮೊಳೆ, ಎಲ್ಲ ಇದ್ದಲ್ಲೇ. ಅಕ್ಕ ಒಳಗೆ ಬಂದವಳು ಒಂದು ಗಳಿಗೆಯೂ ತಡವರಿಸದೆ ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದಳು. ಭಾವ ನನ್ನ ಕಡೆ ನೋಡಿದ ನೋಟವಿದೆಯಲ್ಲ, ಪರೀಕ್ಷೆ ಪಾಸಾದ ಮಗುವಿನದು.

ಸಂಜೆ ದೀಪ ಹಾಕಿದ್ದೇ ತಡ, ಅಕ್ಕ ಎದ್ದು ನಿಂತಳು. ಬಲ್ಬನ್ನು ನೋಡಿದಳು, ತಿರುಗುತ್ತಿದ್ದ ಫ್ಯಾನನ್ನು ನೋಡಿದಳು. "ಕರೆಂಟ್ ಇದೆ, ಮಗ್ಗ ನಿಂತೋಗಿದಾವೆ. ಯಾರು ಹೋದ್ರು?" ಎಂದಳು.

ಮಗ್ಗದ ಬೀದಿಯಲ್ಲಿ ಹುಟ್ಟಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಕರೆಂಟು ಹೋದರೆ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ, ದೀಪವೂ ಆರುತ್ತದೆ. ಬೀದಿಯಲ್ಲಿ ಸಾವಾದರೆ ಮಾತ್ರ, ದೀಪ ಉರಿಯುತ್ತಿರುವಾಗಲೇ ಒಂದರ ಹಿಂದೊಂದು ನಿಲ್ಲುತ್ತವೆ, ಹೆಣ ಎತ್ತುವವರೆಗೆ ಯಾರೂ ಓಡಿಸುವುದಿಲ್ಲ. ಹೆಂಗಸರು ಸೆರಗು ಸರಿಮಾಡಿಕೊಂಡು, ಯಾರ ಮನೆ ಎಂದು ಕೇಳುತ್ತ ಹೊರಡುತ್ತಾರೆ. ಕಣ್ಣಿಗೆ ಕಾಣುವುದನ್ನೂ ಕೈಗೆ ಸಿಗುವುದನ್ನೂ ಭಾವ ಒಂದೂ ಬಿಡದೆ ಸಾಗಿಸಿದ್ದರು. ಹುಟ್ಟಿದಾಗಿನಿಂದ ಅವಳ ಕಿವಿಯಲ್ಲಿದ್ದ ಸದ್ದು ಅವರಿಗೆ ಹೊಳೆದೇ ಇರಲಿಲ್ಲ. ನೇಕಾರರಾಗಿದ್ದವರಿಗೆ ಅದು ಗಾಳಿಯಂತೆ, ಇದ್ದದ್ದೇ ಗೊತ್ತಾಗುವುದಿಲ್ಲ.

ಅಂದಿನಿಂದ ಅಕ್ಕನಿಗೆ ದಿನವೂ ಯಾರೋ ಸಾಯತೊಡಗಿದರು. ನಮ್ಮ ಅಪ್ಪ, ಎದುರುಮನೆಯ ಗೆಳತಿ, ಎಂದೋ ಹೋದವರೆಲ್ಲ ಮತ್ತೆ ಹೋದರು. ಅವಳು ಹೊಸದಾಗಿ ಅಳುತ್ತಿದ್ದಳು. ಭಾವ ಒಂದು ಉಪಾಯ ಹೂಡಿದರು. ಸಂಜೆಯಾದರೆ ಮನೆಯ ಮೇನ್ ಸ್ವಿಚ್ ಆರಿಸಿ, "ಕರೆಂಟ್ ಹೋಗಿದೆ ಕಣೆ, ಅದಕ್ಕೇ ಮಗ್ಗ ನಿಂತಿರೋದು" ಎನ್ನುತ್ತಿದ್ದರು. ನಾನು ಹೋದಾಗಲೆಲ್ಲ ಇಬ್ಬರೂ ಕತ್ತಲಲ್ಲಿ ಕೂತಿರುತ್ತಿದ್ದರು, ಭಾವ ಬೀಸಣಿಗೆಯಿಂದ ಅವಳಿಗೆ ಗಾಳಿ ಹಾಕುತ್ತಿರುತ್ತಿದ್ದರು. ನನಗೆ ನಗು ಬರುತ್ತಿತ್ತು, ಮೆಟ್ಟಿಲಿಳಿಯುವಾಗ ಅಳು. ಆ ಉಪಾಯವೂ ಬಹಳ ದಿನ ನಡೆಯಲಿಲ್ಲ. "ಎದುರು ಮನೇಲಿ ದೀಪ ಉರೀತಿದೆಯಲ್ರೀ, ನನಗ್ಯಾಕೆ ಸುಳ್ ಹೇಳ್ತೀರ?" ಎಂದಳು. ಮಾರನೆಯ ದಿನ ಭಾವ ಹಾಲಿಗೆ ಹೋಗಿದ್ದಾಗ ಸಾವಿನ ಮನೆ ಹುಡುಕಿಕೊಂಡು ಹೊರಟೇಬಿಟ್ಟಳು. ನಾವು ಬೀದಿ ಬೀದಿ ಹುಡುಕಿದೆವು. ಸಿಕ್ಕಿದ್ದು ಹಳೆಯ ಬೀದಿಯಲ್ಲಿ, ಒಂದು ಮಗ್ಗದ ಶೆಡ್ಡಿನ ಗೋಡೆಗೆ ಬೆನ್ನು ಕೊಟ್ಟು ಕೂತು ತೂಕಡಿಸುತ್ತಿದ್ದಳು.

ಆ ಶೆಡ್ಡಿನ ಯಜಮಾನರು ವಯಸ್ಸಾದವರು. ಅವರೂ ಮಗ್ಗಗಳನ್ನು ಕಬ್ಬಿಣದ ತೂಕಕ್ಕೆ ಹಾಕಿಬಿಡೋಣವೆಂದಿದ್ದರು. ಭಾವ ಅವರ ಕೈ ಹಿಡಿದು, "ಒಡೀಬೇಡಿ ಯಜಮಾನ್ರೇ, ಓಡಿಸೋ ಜವಾಬ್ದಾರಿ ನಂದು" ಎಂದರು. ಮುಚ್ಚಿದ ಶೆಡ್ಡುಗಳಿಂದ ತಂದಿಟ್ಟುಕೊಂಡಿದ್ದ ಹಲ್ಲಿನ ಚಕ್ರ, ಬೆಲ್ಟು, ಲಾಳಿ, ಏನೇನಿತ್ತೋ ಎಲ್ಲವನ್ನೂ ಅಲ್ಲಿಗೆ ಸುರಿದರು. ಸವೆದದ್ದನ್ನು ತೆಗೆದು ಇವನ್ನು ಹಾಕಿ, ಮಗ್ಗಗಳನ್ನು ಮತ್ತೆ ಎಬ್ಬಿಸಿದರು. ಶೆಡ್ಡಿಗೆ ಅಂಟಿಕೊಂಡಿದ್ದ ಕೋಣೆಯನ್ನು ಬಾಡಿಗೆಗೆ ಹಿಡಿದರು. ಗಾಳಿಯಿಲ್ಲ, ಬೆಳಕಿಲ್ಲ, ಮಾತಾಡಬೇಕಾದರೆ ಕೂಗಬೇಕು. ಆಗಲೇ ಅವರಿಗೆ ಧೂಳಿನ ಕೆಮ್ಮು ಜೋರಾಗಿತ್ತು. "ನಿಮ್ಗೇನು ತಲೆ ಕೆಟ್ಟಿದೆಯಾ ಭಾವ? ನೂಲಿನ ಪುಡಿ ಕುಡಿದು ಸಾಯ್ತೀರ" ಎಂದು ನಾನು ಕೂಗಿದೆ. ಅವರು ಅಕ್ಕನ ಕಡೆ ಕೈ ತೋರಿಸಿದರು. ಅವಳು ಅವರೆಕಾಯಿ ಬಿಡಿಸುತ್ತ ಏನನ್ನೋ ಗುನುಗಿಕೊಳ್ಳುತ್ತಿದ್ದಳು. "ನೋಡು, ಇಲ್ಲಿಗೆ ಬಂದ್ಮೇಲೆ ಯಾರೂ ಸತ್ತಿಲ್ಲ" ಎಂದರು.

ಹೋದ ಚಳಿಗಾಲದ ಒಂದು ಮಧ್ಯಾಹ್ನ ನಾನು ಮುದ್ದೆ, ಉಪ್ಸಾರು ತೆಗೆದುಕೊಂಡು ಹೋದೆ. ಭಾವ ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅಕ್ಕ ಪಕ್ಕದಲ್ಲಿ ಕೂತು ಅವರ ಹೊದಿಕೆಯ ಅಂಚನ್ನು ಸರಿಮಾಡುತ್ತಿದ್ದಳು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು, ಕಿವಿಯ ಬಳಿ ಬಂದು, "ಎಬ್ಬಿಸ್ಬೇಡ ಕಣೇ. ರಾತ್ರಿಯೆಲ್ಲ ಕೆಮ್ಮಿದಾರೆ, ಈಗ ನಿದ್ದೆ ಹತ್ತಿದೆ" ಎಂದಳು. ನಾನು ಪಾದ ಮುಟ್ಟಿದೆ. ತಣ್ಣಗಿತ್ತು. ಅವರು ಕೂಗಿದ್ದರೋ ಇಲ್ಲವೋ, ಆ ಸದ್ದಿನಲ್ಲಿ ಯಾರಿಗೆ ಕೇಳುತ್ತಿತ್ತು? ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನಾನು ಶೆಡ್ಡಿಗೆ ಓಡಿ ಯಜಮಾನರಿಗೆ ಹೇಳಿದೆ. ಅವರು ಕಣ್ಣೊರೆಸಿಕೊಂಡು ಸ್ವಿಚ್ಚಿಗೆ ಕೈ ಹಾಕಿದರು. ಮಗ್ಗಗಳು ಒಂದರ ಹಿಂದೊಂದು ನಿಂತವು. ಆಚೆ ಶೆಡ್ಡಿನವು ನಿಂತವು, ಅದರಾಚೆಯವು ನಿಂತವು. ಕೋಣೆಗೆ ಬಂದರೆ ಅಕ್ಕ ನಡುವೆ ನಿಂತು ಬಲ್ಬನ್ನೇ ನೋಡುತ್ತಿದ್ದಳು. ಬಲ್ಬು ಉರಿಯುತ್ತಿತ್ತು.

"ಯಾರು ಹೋದ್ರು ಕಣೇ?" ಎಂದಳು. ಸೆರಗು ಸರಿಮಾಡಿಕೊಂಡಳು. "ಇವ್ರನ್ನ ಎಬ್ಬಿಸು, ಹೋಗ್ಬೇಕು. ಯಾರು, ಹೇಳೇ?"

ಅವಳು ಭಾವನ ಭುಜ ಹಿಡಿದು ಅಲುಗಿಸತೊಡಗಿದಳು. "ರೀ, ಏಳ್ರೀ, ಮಗ್ಗ ನಿಂತಿದಾವೆ." ನಾನು ಮತ್ತೆ ಯಜಮಾನರ ಹತ್ತಿರ ಓಡಿ ಕೈ ಮುಗಿದೆ. "ಓಡ್ಸಿ ಯಜಮಾನ್ರೇ, ನಿಮ್ ಕಾಲಿಗೆ ಬೀಳ್ತೀನಿ."

"ಹೆಣ ಮನೇಲಿರೋವಾಗ ನೇಯೋದಾ? ನಮ್ ತಾತನ ಕಾಲದಿಂದ ಯಾರೂ ಮಾಡಿಲ್ಲಮ್ಮ. ಅದೂ ಅಂಥ ಮನುಷ್ಯ ಹೋಗಿರೋವಾಗ."

"ಅಂಥ ಮನುಷ್ಯ ಇಲ್ಲಿಗೆ ಬಂದಿದ್ದೇ ಈ ಸದ್ದಿಗೆ" ಎಂದೆ.

ಅವರು ಮೂಲೆಯ ಮಗ್ಗದ ಬಳಿ ಹೋದರು. ಅದರ ಹಾಸುನೂಲು ಮುಗಿದಿತ್ತು, ಹೊಸದನ್ನು ಏರಿಸಿರಲಿಲ್ಲ. ಲಾಳಿಯೊಳಗೆ ಉಳಿದಿದ್ದ ನೂಲಿನ ಕಡ್ಡಿಯನ್ನೂ ತೆಗೆದು ಪಕ್ಕಕ್ಕಿಟ್ಟರು. "ಒಂದೆಳೆ ನೇಯಲ್ಲ. ಇದು ಕೆಲ್ಸ ಅಲ್ಲ" ಎಂದು ಯಾರಿಗೋ ಒಪ್ಪಿಸುವವರಂತೆ ಗಟ್ಟಿಯಾಗಿ ಹೇಳಿ ಸ್ವಿಚ್ ಒತ್ತಿದರು. ಖಾಲಿ ಮಗ್ಗ ಬಡಿಯತೊಡಗಿತು. ಬೀದಿಯವರು ಹೊರಗೆ ಬಂದು ನೋಡಿದರು, ನಿಲ್ಲಿಸಿ ಎಂದು ಯಾರೂ ಬರಲಿಲ್ಲ.

ನಾನು ಒಳಗೆ ಹೋದಾಗ ಅಕ್ಕನ ಕೈ ಭಾವನ ಭುಜದ ಮೇಲೆ ಸುಮ್ಮನಿತ್ತು. ತಲೆ ವಾಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಹೊದಿಕೆಯನ್ನು ಅವರ ಕತ್ತಿನವರೆಗೆ ಎಳೆದಳು. ನಾನು ಗೋಡೆಗೆ ಒರಗಿ ಕುಸಿದೆ, ತಡೆದುಕೊಂಡದ್ದೆಲ್ಲ ಕಿತ್ತುಕೊಂಡು ಬಂತು. ಅಕ್ಕ ಗಾಬರಿಯಾಗಿ ಹತ್ತಿರ ಬಂದು ಸೆರಗಿನಿಂದ ನನ್ನ ಮುಖ ಒರೆಸಿದಳು.

"ಅಳ್ಬೇಡ ಬಿಡೇ, ಹುಚ್ಚಿ. ಮಗ್ಗ ಓಡ್ತಾ ಇದೆ, ಕೇಳಿಸ್ತಾ ಇಲ್ವಾ? ನಮ್ಮೋರ್ಯಾರಿಗೂ ಏನೂ ಆಗಿಲ್ಲ."