ಮೇಡಮ್ಮೋರ ಲೇಖನ ಓದಿದೋರು
ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ ಎದುರಿನ ಸೈಬರ್ ಸೆಂಟರ್‌ನಲ್ಲಿ ನಾನು ಪ್ರಿಂಟ್ ತೆಗೆಯೋ ಕೆಲಸಕ್ಕಿದ್ದೆ. ರೇಷ್ಮೆ ನೂಲಿಂದ ಗಾಯ ಹೊಲಿಯೋ ಸಂಶೋಧನೆ ಮಾಡ್ತಿದ್ದ ಮೇಡಮ್ಮೊಬ್ಬರು ಓಡಿಬಂದ್ರು. ಅವತ್ತು ಮಧ್ಯಾಹ್ನಾನೇ ಅವರ ಬಡ್ತಿಯ ಸಂದರ್ಶನ. ಅವರ ಲೇಖನಗಳನ್ನ ಯಾರ್ಯಾರು ತಮ್ಮ ಲೇಖನದಲ್ಲಿ ಹೆಸರಿಸವ್ರೆ ಅನ್ನೋ ಪಟ್ಟಿ ಬೇಕಂತೆ. ಕರೆಂಟ್ ಯಾವಾಗ ಹೋಯ್ತದೋ ಅಂತ ನಿಂತಲ್ಲೇ ಒದ್ದಾಡ್ತಿದ್ರು.

"ಹನ್ನೊಂದು ಲೇಖನ ಐತೆ ಮೇಡಮ್. ಆದ್ರೆ ಹತ್ತು ನೀವೇ ಬರ್ದಿರೋವು! ನಿಮ್ಮನ್ನ ನೀವೇ ಹೊಗಳ್ಕೊಂಡಿದ್ದೀರಾ?"

"ಬಾಯಿ ಮುಚ್ಕೊಂಡು ಹನ್ನೊಂದನೇದು ತೆಗಿಯಪ್ಪ."

ತೆಗೆದೆ. ಓದ್ತಾ ಓದ್ತಾ ಅವರ ಮುಖ ಕೆಂಪಾಯ್ತು. "ನನ್ನ ಪ್ರಯೋಗವೇ ತಪ್ಪು ಅಂತ ಬರ್ದಿದ್ದಾನೆ!"

"ಪಟ್ಟಿಯಿಂದ ಕಿತ್ತಾಕ್ಬುಡ್ಲಾ?"

"ಬೇಡ ಕಣೋ, ಇದನ್ನೇ ಮೊದ್ಲು ಪ್ರಿಂಟ್ ತೆಗಿ. ಪೂರ್ತಿ ಓದಿರೋನು ಇವನೊಬ್ಬನೇ."

ಸ್ಕೂಲಲ್ಲಿದ್ದಾಗ ಮೇಷ್ಟ್ರು ನನ್ನ ಉತ್ತರ ಪತ್ರಿಕೆ ತುಂಬಾ ತಪ್ಪು ಗುರುತು ಹಾಕಿದ್ರು. ಅಷ್ಟು ಮನಸಿಟ್ಟು ಓದವ್ರೆ ಅಂತ ಗೊತ್ತಾಗ್ದೆ ನಾನು ಸ್ಕೂಲೇ ಬುಟ್ಬುಟ್ಟೆ.