ಬಸವರಾಜಪ್ಪನ ಕಾಲುನೋವು

ಗೋಣಿಬೀಡಿನಲ್ಲಿ ಬಸವರಾಜಪ್ಪನನ್ನು ಜಿಪುಣ ಅಂದವರುಂಟು, ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಅಂದವರೂ ಉಂಟು. ಸುಳ್ಳು ಅನ್ನುವಂತಿಲ್ಲ, ಪೂರ್ತಿ ನಿಜವೂ ಅಲ್ಲ. ಜಿಪುಣನಾದವನು ತನಗಾಗಿ ಕೂಡಿಡುತ್ತಾನೆ. ಈ ಮನುಷ್ಯ ತನಗಾಗಿ ಒಂದು ಹೊಸ ಬನಿಯನ್ನು ಕೂಡ ಕೊಂಡವನಲ್ಲ. ಬಸ್ಸು ನಿಲ್ಲುವ ಜಾಗದ ಎದುರು ಬಾಡಿಗೆಯ ಕೋಣೆಯಲ್ಲಿ ಅವನ ದಿನಸಿ ಅಂಗಡಿ, ಅದರ ಹಿಂದೆಯೇ ಸಂಸಾರ. ಹೆಂಡತಿ ಕಲ್ಲಮ್ಮ, ಒಬ್ಬಳೇ ಮಗಳು ಧನ್ಯಾ. ಮಗಳಿಗೆ ನರ್ಸಿಂಗ್ ಓದುವ ಆಸೆ. ಮಂಗಳೂರಿನ ಕಾಲೇಜಿನ ಫೀಸು ಎಷ್ಟೆಂದು ಕೇಳಿ ಬಸವರಾಜಪ್ಪ ಒಂದು ಗಳಿಗೆ ತಕ್ಕಡಿಯನ್ನೇ ನೋಡುತ್ತ ಕೂತ. ಆಮೇಲೆ, "ಓದು ಮಗಾ. ಸಾಲ ಮಾತ್ರ ಮಾಡಲ್ಲ, ಉಳಿಸಿ ಕಟ್ತೀನಿ" ಅಂದ.

ಉಳಿಸುವುದರಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಮೀರಿಸಿದರು. ಅಂಗಡಿಯಲ್ಲಿ ಮಾರಾಟಕ್ಕೆ ಬಾರದ ಮೆತ್ತಗಾದ ಟೊಮೆಟೊ, ಮೊಳಕೆ ಬಂದ ಈರುಳ್ಳಿ ಮನೆಯ ಸಾರಿಗೆ. ಸವೆದು ಬಿಲ್ಲೆಯಾದ ಸೋಪು ಹೊಸ ಸೋಪಿನ ಬೆನ್ನಿಗೆ. ಅಕ್ಕಿ ಮೂಟೆಯ ಹೊಲಿಗೆ ಬಿಚ್ಚಿದ ದಾರ ಉಂಡೆಯಾಗಿ ಡಬ್ಬಿಗೆ. ಎತ್ತ ನೋಡಿದರೂ ಕಾಫಿ ತೋಟವೇ ಇರುವ ಊರು. ಆದರೆ ಪುಡಿಯ ರೇಟು ಏರಿದ ಮೇಲೆ ಆ ಮನೆಯಲ್ಲಿ ಒಂದೇ ಚರಟಕ್ಕೆ ಎರಡು ಸಲ ಬಿಸಿನೀರು ಬೀಳುತ್ತಿತ್ತು. "ಅಪ್ಪಾ, ಇದು ಕಾಫಿಯಾ, ಲೋಟ ತೊಳೆದ ನೀರಾ?" ಎಂದು ರಜೆಗೆ ಬಂದ ಮಗಳು ನಗಾಡಿದರೆ, "ಬಿಸಿ ಇದೆಯಲ್ಲ ಮಾರಾಯ್ತಿ, ಕುಡಿ" ಅನ್ನುತ್ತಿದ್ದ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ. ಇವನು ಹಾಸಿಗೆ ಇನ್ನೂ ಒಂದು ಮೊಳ ಇರುವಾಗಲೇ ಮೊಣಕಾಲು ಮಡಚಿದವನು.

ಧನ್ಯಾ ಕಾಲೇಜು ಸೇರಿದ ವರ್ಷವೇ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾಯಿತು. ಊರಿನ ಹೆಂಗಸರೆಲ್ಲ ಧರ್ಮಸ್ಥಳ, ಹೊರನಾಡು ಎಂದು ಗುಂಪು ಕಟ್ಟಿಕೊಂಡು ಹೊರಟರೆ, ಬಸವರಾಜಪ್ಪನಿಗೆ ಹೊಳೆದದ್ದೇ ಬೇರೆ. ಬೇಲೂರಿನಲ್ಲಿ ಕಲ್ಲಮ್ಮನ ತಂಗಿ ಮಗಳ ನಾಮಕರಣವಿತ್ತು. ಇಬ್ಬರೂ ಹೊರಡುವುದೆಂದು ಮಾತಾಗಿತ್ತು. ಕಲ್ಲಮ್ಮ ಸೀರೆ ಉಟ್ಟು ಬಂದಾಗ ಅವನು ಇನ್ನೂ ಅಂಗಡಿಯ ಲುಂಗಿಯಲ್ಲೇ ಇದ್ದ.

"ನೀನೊಬ್ಳೇ ಹೋಗಿ ಬಾ" ಅಂದ. "ಮನೆ ಪರವಾಗಿ ಒಬ್ರು ಹೋದ್ರೆ ಸಾಕಲ್ಲ. ನಿನಗೆ ಪುಕ್ಕಟೆ. ನಾನು ಬಂದ್ರೆ ನನ್ನ ಟಿಕೆಟ್ಟು ದಂಡ, ಅಂಗಡಿ ಮುಚ್ಚಿದ್ದು ಇನ್ನೊಂದು ದಂಡ."

"ಕೇಳಿದೋರಿಗೆ ಏನ್ ಹೇಳ್ಲಿ?"

"ಅಂಗಡಿ ಬಿಟ್ ಬರಕ್ಕಾಗಲ್ಲ ಅನ್ನು. ಸುಳ್ಳೇನಲ್ಲ."

ಕಲ್ಲಮ್ಮ ಸೆರಗು ಸರಿಮಾಡಿಕೊಂಡು ಹೊರಟಳು. ಖಾಸಗಿ ಬಸ್ಸುಗಳು ಒಂದರ ಹಿಂದೊಂದು ಬಂದು ಹೋದವು. ಅವಳು ಕೊಡೆ ಹಿಡಿದು ಸರ್ಕಾರಿ ಬಸ್ಸಿಗಾಗಿ ಕಾಯುತ್ತ ನಿಂತಿದ್ದನ್ನು ಬಸವರಾಜಪ್ಪ ಗಲ್ಲಾದಲ್ಲಿ ಕೂತೇ ನೋಡಿದ. ಜಾಣೆ, ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡ.

ಅಲ್ಲಿಂದ ಅದೇ ರೂಢಿಯಾಯಿತು. ಬಸವರಾಜಪ್ಪನ ಕಡೆ ಬಳಗ ಕಡಿಮೆ, ಇದ್ದದ್ದೆಲ್ಲ ಕಲ್ಲಮ್ಮನ ತವರಿನ ಕಡೆ. ಕಳಸದ ಮದುವೆಗೆ ಕಲ್ಲಮ್ಮ, ಮೂಡಿಗೆರೆಯ ಗೃಹಪ್ರವೇಶಕ್ಕೆ ಕಲ್ಲಮ್ಮ, ಚಿಕ್ಕಮಗಳೂರಿನಲ್ಲಿ ಯಾರಾದರೂ ತೀರಿಕೊಂಡರೆ ಅದಕ್ಕೂ ಕಲ್ಲಮ್ಮ. ದೂರದ ಊರಾದರೆ ರಾತ್ರಿ ಉಳಿದೇ ಬರಬೇಕು.

ಅವಳಿಲ್ಲದ ಸಂಜೆಗಳು ಅವನಿಗೆ ಮೊದಮೊದಲು ಹಗುರವಾಗಿಯೇ ಕಂಡವು. ಒಬ್ಬನಿಗೆ ಯಾತಕ್ಕೆ ದೀಪ ಎಂದು ಒಳಗಿನ ಬಲ್ಬು ಹಾಕುತ್ತಿರಲಿಲ್ಲ. ಬಾಗಿಲು ಅರ್ಧ ತೆರೆದು, ಬೀದಿ ದೀಪದ ಬೆಳಕು ಬೀಳುವಲ್ಲಿ ಮೂಟೆಯ ಮೇಲೆ ಕೂತು ಬೆಳಗಿನ ರೊಟ್ಟಿಯನ್ನು ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದ. ಕ್ರಮೇಣ ಆ ರೊಟ್ಟಿ ಅರ್ಧಕ್ಕೇ ಉಳಿಯತೊಡಗಿತು. ದಿನವಿಡೀ ಗಿರಾಕಿಗಳೊಂದಿಗೆ ಮಾತಾಡುವ ಬಾಯಿಗೆ ಬಾಗಿಲು ಹಾಕಿದ ಮೇಲೆ ಒಂದು ಮಾತೂ ಇಲ್ಲ. ಯಾರಿಗೂ ಹೇಳಿಕೊಳ್ಳುವಂಥ ಸಂಕಟವಲ್ಲ ಅದು. ಹೇಳಿಕೊಂಡರೆ, ಟಿಕೆಟ್ಟು ತಗೊಂಡು ಹೋಗಬೇಕಿತ್ತು ಮಾರಾಯ, ಎಂದು ನಗುತ್ತಾರೆ.

ಮರುದಿನ ಕಲ್ಲಮ್ಮ ಬಂದಿಳಿದರೆ ಸಾಕು, ಅವನ ಜೀವಕ್ಕೆ ಸಮಾಧಾನ. ಊಟಕ್ಕೆ ಏನೇನಿತ್ತು, ಯಾರು ಬಂದಿದ್ದರು, ಯಾರು ದಪ್ಪಗಾಗಿದ್ದಾರೆ ಎಲ್ಲ ಹೇಳಬೇಕು. ಕೊನೆಗೆ ಅವನು ಕಾಯುತ್ತಿದ್ದ ಒಂದು ಮಾತು ಬರಬೇಕು: "ಎಲ್ರೂ ನಿಮ್ಮನ್ನ ಕೇಳಿದ್ರು."

"ಹೌದಾ? ಯಾರ್ಯಾರು?"

ಅವಳು ಹೆಸರು ಹೇಳುತ್ತಿದ್ದಳು. ಅಷ್ಟರ ಮೇಲೆ ಮುಂದಿನ ಕಾರ್ಯದವರೆಗೆ ಬದುಕುತ್ತಿದ್ದ. ದುಡ್ಡೂ ಉಳಿಯಿತು, ನೆಂಟರ ನೆನಪಿನಲ್ಲಿ ತಾನೂ ಉಳಿದೆ ಎಂದು ಅವನ ಲೆಕ್ಕ. ಆಮೇಲೆ ಯಾವಾಗಲೋ ಆ ಮಾತು ನಿಂತುಹೋಯಿತು. ಇವನಾಗಿಯೇ, "ನನ್ನ ಕೇಳಿದ್ರಾ?" ಅಂದರೆ, "ಹ್ಞೂಂ, ಕೇಳಿದ್ರು" ಎಂದು ಹೇಳಿ ಕಲ್ಲಮ್ಮ ಒಲೆಯ ಕಡೆ ತಿರುಗುತ್ತಿದ್ದಳು.

ಮೂರು ವರ್ಷ ಹೀಗೆ ಸಾಗಿತು. ಈ ಸಲ ಬೇಸಿಗೆಯಲ್ಲಿ ಧನ್ಯಾಳ ಫೀಸಿನ ಕೊನೆಯ ಕಂತು ಕಟ್ಟಿದರು. ಒಂದು ರೂಪಾಯಿ ಸಾಲವಿಲ್ಲದೆ ಮಗಳ ಓದು ಮುಗಿಯುತ್ತ ಬಂತು. ಅದೇ ವಾರ ಮೂಡಿಗೆರೆಗೆ ಹೋಗಿದ್ದ ಕಲ್ಲಮ್ಮ ಒಂದು ಲಗ್ನಪತ್ರಿಕೆ ತಂದಳು. ಚಿಕ್ಕಮಗಳೂರಿನಲ್ಲಿ ಅವಳ ದೊಡ್ಡಮ್ಮ ಸಾವಿತ್ರಮ್ಮನ ಮೊಮ್ಮಗ ಶಶಿಕಿರಣನ ಮದುವೆ. ಬಸವರಾಜಪ್ಪ ಕನ್ನಡಕ ಹಾಕಿಕೊಂಡು ಲಕೋಟೆ ನೋಡಿದ. ಮೇಲೆ ದುಂಡಗೆ ಬರೆದಿತ್ತು: ಶ್ರೀಮತಿ ಕಲ್ಲಮ್ಮನವರು, ಗೋಣಿಬೀಡು.

"ಇದೇನೇ, ನನ್ನ ಹೆಸರೇ ಇಲ್ವಲ್ಲ?"

"ಹುಡುಗ್ರು ಬರೆಯೋದು. ಬಿಟ್ಟಿರ್ಬೇಕು, ಬಿಡಿ."

ಬಿಡಲಾಗಲಿಲ್ಲ. ಸತ್ತವರ ಹೆಸರು ಬಿಡುವುದುಂಟು. ಬದುಕಿರುವ ಯಜಮಾನನ ಹೆಸರು ಬಿಟ್ಟು ಹೆಂಡತಿಯ ಹೆಸರೊಂದನ್ನೇ ಬರೆಯುತ್ತಾರೆಯೇ? ಲಕೋಟೆಯನ್ನು ಗಲ್ಲಾದ ಗಾಜಿನ ಕೆಳಗೆ ಇಟ್ಟುಕೊಂಡ. ಸಕ್ಕರೆ ತೂಗುವಾಗ ನೋಡಿದ, ಬೀಡಿ ಕಟ್ಟು ಕೊಡುವಾಗ ನೋಡಿದ. ಉಳಿಸಿದ್ದು ದುಡ್ಡು, ಕಳೆದುಹೋದದ್ದು ತಾನು ಅಂತ ಅನ್ನಿಸಿತು. ಹೇಗಾದರೂ ಈ ಮದುವೆಯಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳಲೇಬೇಕು, ಪಂಕ್ತಿಯಲ್ಲಿ ಕೂತು ಉಣ್ಣಲೇಬೇಕು ಎಂದು ಹಟ ಹುಟ್ಟಿತು. ಕಲ್ಲಮ್ಮನಿಗೆ ಹೇಳಲಿಲ್ಲ. ನೋಡಿ ಬೆರಗಾಗಲಿ ಎಂದುಕೊಂಡ.

ಕಲ್ಲಮ್ಮ ಮದುವೆಯ ಹಿಂದಿನ ದಿನವೇ ಹೋದಳು. ಮರುದಿನ ಬೆಳಿಗ್ಗೆ ಬಸವರಾಜಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದ ಬಿಳಿ ಪಂಚೆ ಉಟ್ಟು ಅಂಗಡಿಗೆ ಬೀಗ ಹಾಕಿದ. ಪಕ್ಕದ ಅಂಗಡಿಯ ತಿಮ್ಮಪ್ಪ, "ಏನ್ರೀ, ಯಾರು ಹೋಗ್ಬಿಟ್ರು?" ಎಂದು ಗಾಬರಿಯಾದ. ಆ ಬಾಗಿಲು ಬೆಳಗಿನ ಹೊತ್ತು ಮುಚ್ಚಿದ್ದನ್ನು ಅವನು ನೋಡಿರಲಿಲ್ಲ. ಬಸ್ಸಿನಲ್ಲಿ ನೂರರ ನೋಟು ಮುರಿಸುವಾಗ ಬಸವರಾಜಪ್ಪನ ಕೈ ಸ್ವಲ್ಪ ತಡೆಯಿತು, ನಿಜ. ಆದರೆ ಮೂಡಿಗೆರೆಯಲ್ಲಿ ಬಸ್ಸು ಬದಲಾಯಿಸಿ ಕಿಟಕಿಯ ಪಕ್ಕ ಕೂತಾಗ, ತೋಟಗಳ ಮೇಲಿನ ಗಾಳಿ ಮುಖಕ್ಕೆ ಬಡಿದು, ಎಷ್ಟೋ ಕಾಲದ ಮೇಲೆ ಅವನಿಗೆ ಹುಮ್ಮಸ್ಸು ಬಂತು.

ಕಲ್ಯಾಣ ಮಂಟಪದ ಮೆಟ್ಟಿಲನ್ನು ಪಂಚೆ ಎತ್ತಿ ಹಿಡಿದು ದಡದಡನೆ ಹತ್ತಿದ. ಪನ್ನೀರು ಚಿಮುಕಿಸುತ್ತಿದ್ದ ಹುಡುಗಿ, "ಯಾರ ಕಡೆಯೋರು?" ಎಂದು ಕೇಳಿದಳು.

"ನಾನು ಕಲ್ಲಮ್ಮನ ಯಜಮಾನ. ಗೋಣಿಬೀಡು."

ಹುಡುಗಿ ಅವನ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು. ಒಳಗಿನಿಂದ ಸಾವಿತ್ರಮ್ಮ ಬಂದರು. ಬಂದವರು ಅಲ್ಲೇ ನಿಂತು ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ಶಿವನೇ, ಬಸವರಾಜಪ್ಪ ಅಲ್ವೇನಪ್ಪ? ಕಾಲು ಬಿದ್ದುಹೋಗಿದೆ, ಬಸ್ಸು ಹತ್ತೋಕಾಗಲ್ಲ ಅಂತಿದ್ಲು ಕಲ್ಲಮ್ಮ. ಮೆಟ್ಲು ಹೆಂಗೆ ಹತ್ತಿ ಬಂದ್ರಿ?"

ಬಸವರಾಜಪ್ಪ ಬೆಪ್ಪಾದ. ಸಾವಿತ್ರಮ್ಮನ ಹೆಗಲಾಚೆ, ಅರಿಸಿನ ಕುಂಕುಮದ ತಟ್ಟೆ ಹಿಡಿದು ಕಲ್ಲಮ್ಮ ನಿಂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಸುತ್ತ ನಿಂತಿದ್ದ ಹೆಂಗಸರು ಒಮ್ಮೆ ಅವನನ್ನೂ ಒಮ್ಮೆ ಅವಳನ್ನೂ ನೋಡತೊಡಗಿದರು. ಆ ನೋಟದಲ್ಲಿ ಅವನಿಗೆ ಎಲ್ಲ ಗೊತ್ತಾಯಿತು. ಅಂಗಡಿಯ ನೆಪವನ್ನು ಜನ ಎಷ್ಟು ದಿನ ನಂಬುತ್ತಾರೆ? ಟಿಕೆಟ್ಟಿನ ದುಡ್ಡಿಗೆ ಹಿಂದೆಮುಂದೆ ನೋಡುತ್ತಾನೆ ನನ್ನ ಗಂಡ ಎಂದು ಇಷ್ಟು ಜನರ ನಡುವೆ ಹೇಗೆ ಹೇಳುತ್ತಾಳೆ? ಗಂಡ ಜಿಪುಣ ಅನ್ನಿಸಿಕೊಳ್ಳುವುದಕ್ಕಿಂತ ಕುಂಟ ಅನ್ನಿಸಿಕೊಳ್ಳಲಿ ಎಂದು ಅವಳು ಅವನ ಮಾನ ಕಾಯ್ದಿದ್ದಳು. ಈಗ ಅವಳ ಮಾನ ಅವನ ಕಾಲಿನಲ್ಲಿತ್ತು.

ಅವನು ಪಕ್ಕದ ಕಂಬ ಹಿಡಿದುಕೊಂಡ. ಮುಖ ಹಿಂಡಿ, ಬಲಗಾಲನ್ನು ಎಳೆಯುತ್ತ ಒಂದು ಹೆಜ್ಜೆ ಇಟ್ಟ.

"ಇವತ್ತು ಸ್ವಲ್ಪ ಪರವಾಗಿಲ್ಲ ದೊಡ್ಡಮ್ಮ. ಶಶಿಕಿರಣನ ಮದುವೆ ಅಲ್ವಾ, ಏನಾದ್ರಾಗ್ಲಿ ಅಂತ ಬಂದ್ಬಿಟ್ಟೆ."

"ಎಡಗಾಲು ಅಂತಿದ್ಲಲ್ಲ?" ಅಂದರು ಸಾವಿತ್ರಮ್ಮ.

"ಈಗ ಬಲಗಾಲಿಗೂ ಇಳಿದಿದೆ ದೊಡ್ಡಮ್ಮ" ಎಂದು ಕಲ್ಲಮ್ಮ ತಟ್ಟೆಯನ್ನು ಯಾರದೋ ಕೈಗೆ ಕೊಟ್ಟು ಓಡಿಬಂದು ಅವನ ತೋಳು ಹಿಡಿದಳು. ಮೂರು ವರ್ಷಗಳಲ್ಲಿ ನಾಲ್ಕು ಜನರೆದುರು ಅವರಿಬ್ಬರೂ ಜೊತೆಯಾಗಿ ನಡೆದದ್ದು ಅದೇ ಮೊದಲು.

ಪಂಕ್ತಿಯ ಆಸೆ ಆಸೆಯಾಗಿಯೇ ಉಳಿಯಿತು. ಕಾಲಿಲ್ಲದವನನ್ನು ಮೆಟ್ಟಿಲಿಳಿಸಿ ಕೆಳಗಿನ ಊಟದ ಮನೆಗೆ ಕಳಿಸುವುದುಂಟೇ? ಕಿಟಕಿಯ ಹತ್ತಿರ ಕುರ್ಚಿ ಹಾಕಿ, ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿಸಿ, ಅಲ್ಲಿಗೇ ಊಟ ತಂದುಕೊಟ್ಟರು. ಬಂದವರು ಒಂದೆರಡು ಕನಿಕರದ ಮಾತಾಡಿ, ಎಣ್ಣೆಯ ಹೆಸರು ಹೇಳಿ, ತಮ್ಮವರ ಕಡೆ ಹೊರಟುಹೋದರು. ಕೆಳಗಿನಿಂದ ನಗು, ಎಲೆ ಹಾಕುವ ಗಲಾಟೆ ಕೇಳುತ್ತಿತ್ತು. ಕಲ್ಲಮ್ಮನನ್ನು ಕರೆಯುವವರೇ ಎಲ್ಲ. ಕಲ್ಲಕ್ಕಾ ಇಲ್ಲಿ ಬಾ, ಅತ್ತೆ ಇದನ್ನ ನೋಡಿ, ಎಂದು ಯಾರ್ಯಾರೋ ಅವಳ ಕೈ ಹಿಡಿದೆಳೆಯುತ್ತಿದ್ದರು. ಇಷ್ಟೊಂದು ಜನ ಅವಳಿಗೆ ಇದ್ದಾರೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಬಿಸಿ ಹೋಳಿಗೆಯ ಮೇಲೆ ತುಪ್ಪ ಕರಗಿ ಹರಿದಿತ್ತು. ಅಂಗಡಿಯ ಮೂಟೆಯ ಮೇಲೆ ಕೂತು ತಿಂದ ರೊಟ್ಟಿಯ ಹಾಗೆಯೇ ಅದೂ ಅರ್ಧಕ್ಕೇ ಉಳಿಯಿತು.

ಸಂಜೆ ಶಶಿಕಿರಣನ ಗೆಳೆಯ ಕಾರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟುಹೋದ. ಅವನ ಕಾರು ಮರೆಯಾಗುವವರೆಗೆ ಬಸವರಾಜಪ್ಪ ಕುಂಟಿದ. ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು.

"ಮೊದ್ಲು ಅಂಗಡಿ ಅಂತಾನೇ ಹೇಳ್ತಿದ್ದೆ" ಅಂದಳು ಕಲ್ಲಮ್ಮ, ಕಿಟಕಿಯ ಕಡೆ ಮುಖ ಮಾಡಿಕೊಂಡೇ. "ಕಳಸದಲ್ಲಿ ಯಾರೋ, ನಿಮ್ಮಿಬ್ಬರಿಗೂ ಸರಿ ಇಲ್ವಾ ಅಂತ ಕೇಳಿದ್ರು. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ನೋಡೋಕೆ ಬರ್ತೀವಿ ಅನ್ನೋರು. ಬೇಡ, ಅವ್ರಿಗೆ ಸಂಕೋಚ ಅಂತಿದ್ದೆ. ಅಷ್ಟು ಜನದ ಮಧ್ಯೆ ಒಬ್ಬಳೇ ಕೂತು ಸುಳ್ಳು ಹೇಳೋದು ಅಂದ್ರೆ ಏನು ಅಂತ ನಿಮಗೇನ್ ಗೊತ್ತು."

"ನನಗೆ ಹೇಳ್ಬೇಕಿತ್ತು."

"ಹೇಳಿದ್ರೆ ಬರ್ತಿದ್ರಾ?"

ಅವನು ಕೈಯಲ್ಲಿದ್ದ ಟಿಕೆಟ್ಟನ್ನು ಮಡಚಿದ. ಬರುತ್ತಿರಲಿಲ್ಲ. ಮೂಡಿಗೆರೆ ಹತ್ತಿರ ಬಂದಾಗ ಮೆಲ್ಲಗೆ, "ಫೀಸು ಮುಗೀತಲ್ಲ. ಇನ್ನು ಮೇಲೆ ಇಬ್ರೂ ಹೋಗೋಣ" ಅಂದ.

"ಹೆಂಗೆ ಹೋಗೋದು?" ಕಲ್ಲಮ್ಮ ಈಗ ಅವನ ಕಡೆ ತಿರುಗಿದಳು. "ಕಾಲು ಬಿದ್ದೋರು ಇದ್ದಕ್ಕಿದ್ದಂಗೆ ಎದ್ದು ಓಡಾಡ್ತಾರಾ? ನಾನು ತಲೆ ಎತ್ಕೊಂಡು ಹೋಗೋದು ಬೇಡ್ವಾ? ಸ್ವಲ್ಪ ದಿವ್ಸ ಮನೇಲೇ ಇರಿ."

ಬಸವರಾಜಪ್ಪ ಹ್ಞೂಂ ಅಂದ. ಜೇಬಿನಲ್ಲಿ ಟಿಕೆಟ್ಟಿಗೆ ದುಡ್ಡಿತ್ತು, ಹೋಗುವ ಮನಸ್ಸೂ ಇತ್ತು, ಹೋಗುವಂತಿರಲಿಲ್ಲ.

ಜೂನ್ ಮೊದಲ ವಾರ ಕಳಸದಲ್ಲಿ ಒಂದು ಸೀಮಂತ. ಕಲ್ಲಮ್ಮ ಕೊಡೆ ಹಿಡಿದು ಸರ್ಕಾರಿ ಬಸ್ಸು ಹತ್ತಿದಳು. ಆ ಸಂಜೆ ಅವನು ಒಳಗಿನ ದೀಪ ಹಾಕಿಕೊಂಡು ಕೂತ. ಬೆಳಕಿನಲ್ಲಿ ಖಾಲಿ ಮನೆ ಇನ್ನೂ ಚೆನ್ನಾಗಿ ಕಂಡಿತು, ಎದ್ದು ಆರಿಸಿದ. ಮರುದಿನ ಮಧ್ಯಾಹ್ನ ಅವಳು ಒದ್ದೆ ಸೆರಗು ಹಿಂಡುತ್ತ ಒಳಗೆ ಬಂದಳು. ಇವನು ಏನೂ ಕೇಳಲಿಲ್ಲ. ಅವಳೇ ಹೇಳಿದಳು.

"ಎಲ್ರೂ ನಿಮ್ಮನ್ನ ಕೇಳಿದ್ರು. ಕಾಲು ಹೆಂಗಿದೆ ಅಂತ."

"ನೀನೇನಂದೆ?"

"ಎಡಗಾಲು ಪೂರ್ತಿ ವಾಸಿ ಆಗಿದೆ, ಬಲಗಾಲು ಸ್ವಲ್ಪ ಇದೆ ಅಂದೆ."

ಬಸವರಾಜಪ್ಪ ಗಲ್ಲಾದಿಂದ ಎದ್ದು ಬಂದು ಅವಳ ಎದುರು ನಿಂತ. ಡಾಕ್ಟರನ್ನು ಕೇಳುವವನ ಹಾಗೆ ತಗ್ಗಿದ ದನಿಯಲ್ಲಿ, "ಪೂರ್ತಿ ವಾಸಿ ಆಗೋಕೆ ಎಷ್ಟು ದಿನ ಬೇಕಾಗ್ಬಹುದು?" ಎಂದು ಕೇಳಿದ.

ಕಲ್ಲಮ್ಮ ಅವನ ಕಾಲನ್ನೇ ನೋಡುತ್ತ ಯೋಚಿಸಿದಳು. "ಮಳೆಗಾಲ ಒಂದು ಕಳೀಲಿ" ಅಂದಳು.

ಮಳೆ ಹಿಡಿದು ಆಗಿನ್ನೂ ಎರಡು ದಿನವಾಗಿತ್ತು.